ಮಾಳಿಗೆಗೆ ನಾನು ಹಾಕಿಸಿದ ಮಣ್ಣು

ಹಳೆಯ ಮನೆಗಳನ್ನು ಉಳಿಸಬೇಕೆಂದು ಭಾಷಣ ಮಾಡುವವರಿಗೆ ಒಂದು ಅನುಕೂಲವಿದೆ, ಅವರು ಅವುಗಳಲ್ಲಿ ವಾಸಿಸಬೇಕಾಗಿಲ್ಲ. ನಿವೃತ್ತ ಇತಿಹಾಸ ಮೇಷ್ಟ್ರಾದ ನಾನೂ ಬಳ್ಳಾರಿಯ ಆರ್‌ಸಿಸಿ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತೇ, ಕುರುಗೋಡಿನ ನಮ್ಮ ಹಿರಿಯರ ಮನೆಯ ದಪ್ಪ ಗೋಡೆ, ತೇಗದ ಕಂಬ, ಚಾವಣಿಗೆ ಮಣ್ಣು ಹೊದಿಸಿದ ಮಾಳಿಗೆಗಳನ್ನು ಹೊಗಳುತ್ತಾ ಬಂದವನು. ಕೇಳುವವರು ಆಕಳಿಸಿದರೆ ಕಂಬದ ಕೆತ್ತನೆಗೆ ಬರುತ್ತೇನೆ. ಅವರಿಗೆ ಎಚ್ಚರವಾಗುತ್ತದೆಂದಲ್ಲ, ನನಗೆ ಖುಷಿ.

ಆ ಮನೆಯಲ್ಲಿರುವವರು ಅಣ್ಣ, ಅತ್ತಿಗೆ. ಹೋದ ಬೇಸಿಗೆಯಲ್ಲಿ ಅತ್ತಿಗೆ, ಮನೆ ಕೆಡವಿ ಸ್ಲ್ಯಾಬ್ ಹಾಕಿಸುತ್ತೇನೆಂದರು. ಓಡಿಹೋಗಿ ಅಂಗಲಾಚಿದೆ.

"ಒಂದು ಮಳಿಗಾಲ ನೋಡ್ತೀನ್ರಿ. ಸೋರ್ತಂದ್ರ ಕೆಡವೋದ," ಎಂದರು.

ಮಳೆಗೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹಾಕಿ ಬಡಿಯುವುದು ನಮ್ಮ ಕಡೆಯ ಪದ್ಧತಿ. ಹುಲ್ಲೂ ಹುಟ್ಟದ ಉಪ್ಪುಮಣ್ಣು ಅದು. ಇಂಥ ಮನೆಗೆ ಆ ದರಿದ್ರ ಮಣ್ಣೇ? ಸಿರುಗುಪ್ಪ ಕಡೆಯ ಕರೂರಿನಲ್ಲಿ ಗದ್ದೆಯಿರುವ ಗೆಳೆಯನಿಗೆ ಫೋನು ಮಾಡಿ, ಒಂದು ಟ್ರ್ಯಾಕ್ಟರ್ ಗದ್ದೆಯ ಒಳ್ಳೆಯ ಕಪ್ಪು ಎರೆಮಣ್ಣು ಕೇಳಿದೆ.

"ಮಾಳಿಗಿಗಾ? ಅಲ್ಲೇನ್ ಬಿತ್ತತೀಯೇನಲೇ?" ಎಂದ. ಅವನಿಗೆ ವಾಸ್ತುಶಿಲ್ಪ ತಿಳಿಯದೆಂದು ಕ್ಷಮಿಸಿದೆ. ಮಣ್ಣು ಬಂದಾಗ ಅಣ್ಣ ಏನೋ ಹೇಳಲು ಬಾಯಿ ತೆರೆದ, ಆದರೆ ನಾನು ಮಾತಾಡುತ್ತಿದ್ದೆ. ಹಳೆಯ ಸವುಳು ಕೆರೆಸಿ ಎರೆಮಣ್ಣು ಹರಡಿಸಿದೆ. ಅಡುಗೆಮನೆಯ ಹೊತ್ತಿಗೆ ಮಣ್ಣು ಮುಗಿಯಿತು, ಅದೊಂದರ ಮೇಲೆ ಸವುಳೇ ಉಳಿಯಿತು.

ಬಿಸಿಲಿಗೆ ಎರೆಮಣ್ಣು ಕೈ ತೂರುವಷ್ಟು ಬಿರಿಯಿತು. ಮೊದಲ ಜೋರು ಮಳೆಗೆ ಪಡಸಾಲೆಯ ತುಂಬ ಕೊಡ, ಪರಾತ, ಬಕೆಟ್ಟು. ವಾರದ ಮೇಲೆ ಮಾಳಿಗೆಯಲ್ಲಿ ಭತ್ತವೂ ಮೊಳೆಯಿತು. ಅಡುಗೆಮನೆಯಲ್ಲಿ ಮಾತ್ರ ಒಂದು ಹನಿ ಬೀಳಲಿಲ್ಲ.

ನಾನು ಹೋಗುವಷ್ಟರಲ್ಲಿ ಮೇಸ್ತ್ರಿ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಮನೆ ಉಳಿಯಬೇಕಾದರೆ ತಪ್ಪು ನನ್ನದೆಂದು ಹೇಳಲೇಬೇಕಿತ್ತು. ಇಷ್ಟು ವರ್ಷದ ಭಾಷಣಗಳೆಲ್ಲ ಅಡ್ಡ ಬಂದವು. ನೆನೆದ ಕಂಬಗಳನ್ನು ನೋಡಿದೆ, ನಿಜವಾಗಿಯೂ ಸಂಕಟವಾಯಿತು.

"ಅತ್ತಿಗಿ, ಸೋರಿದ್ದು ಮನಿ ಅಲ್ರಿ, ನನ್ನ ಮಣ್ಣು. ಅಡಗಿಮನಿ ನೋಡ್ರಿ. ಮಾಳಿಗಿ ಬಗ್ಗಿ ನನಗ ಏನೂ ಗೊತ್ತಿಲ್ರೀ," ಎಂದೆ.

ಅತ್ತಿಗೆ ಅಡುಗೆಮನೆಯ ಒಣ ಜಂತೆಗಳನ್ನೊಮ್ಮೆ ನೋಡಿ ಬಂದರು. ಮೇಸ್ತ್ರಿಗೆ ಚಹಾ ಕೊಟ್ಟು, ಎರೆಮಣ್ಣು ಇಳಿಸಿ ಸವುಳು ಹಾಕಲು ಹೇಳಿದರು. ಮನೆ ಉಳಿಯಿತು! ನನ್ನ ಪ್ರಾಮಾಣಿಕತೆಗೆ ಮೆಚ್ಚುಗೆಯ ಒಂದು ಮಾತಾದರೂ ಬಂದೀತೆಂದು ನಿಂತೇ ಇದ್ದೆ.

"ನಿಮಗ ಗೊತ್ತಿಲ್ಲನ್ನೋದು ನಾನು ಸೊಸಿಯಾಗಿ ಬಂದ ವರ್ಷನ ಗೊತ್ತಾಗಿತ್ರಿ," ಎಂದರು ಅತ್ತಿಗೆ. "ನೀವು ಒಪ್ಪಿಕೊಳ್ಳಾಕ ಒಂದು ಟ್ರ್ಯಾಕ್ಟರ್ ಮಣ್ಣು ಬೇಕಾತು ನೋಡ್ರಿ."