ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನರು

ಕುಸ್ತಿ ಕಣದಲ್ಲಿ ನಗು ಬರುವಂಥದ್ದು ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಆದರೆ ಕೊರಳಿಗೆ ಸೀಟಿ ಹಾಕಿಕೊಂಡವನು ನಗುವ ಹಾಗಿಲ್ಲ. ನಾನು ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, ರಜಾದಿನಗಳಲ್ಲಿ ಸುತ್ತಮುತ್ತಲ ಕುಸ್ತಿಗಳಿಗೆ ರೆಫ್ರಿ. ಇಷ್ಟು ವರ್ಷ ಮುಖ ಬಿಗಿದುಕೊಂಡು ನಿಂತು ನಿಂತು ಹೊಟ್ಟೆಯೊಳಗೇ ಉಳಿದುಹೋದ ನಗುವಿನಲ್ಲಿ ಮುಕ್ಕಾಲು ಪಾಲು ಒಬ್ಬರದೇ. ಅವರು ನಮ್ಮ ಗರಡಿಮನೆಯ ಹಿರಿಯ ಪೈಲ್ವಾನರು. ಕುಸ್ತಿಯಲ್ಲಿ ಎರಡೂ ಭುಜ ಊರಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಅವರ ಬೆನ್ನಿಗೆ ಯಾವ ಕಣದಲ್ಲೂ ಯಾರೂ ಮಣ್ಣು ಹತ್ತಿಸಿಲ್ಲ. ಹೊಟ್ಟೆ ಬಂತು, ಮಂಡಿ ಹೋಯಿತು, ಕೂದಲು ಎರಡು ಕಡೆಯಿಂದಲೂ ಹಿಂದೆ ಸರಿಯಿತು. ಅವರು ಮಾತ್ರ ಸರಿಯಲಿಲ್ಲ.

ಕಾರ್ಡಿನಲ್ಲಿದ್ದವನ ವಯಸ್ಸು

ಕುಸ್ತಿಗೆ ಒಂದು ವಾರ ಮೊದಲು ಜೋಡಿ ಕಟ್ಟುತ್ತೇವೆ. ಪೈಲ್ವಾನರೆಲ್ಲ ಬಂದು ಸಾಲಾಗಿ ನಿಲ್ಲಬೇಕು, ತೂಕ, ವಯಸ್ಸು, ಮೈಕಟ್ಟು ನೋಡಿ ಯಾರಿಗೆ ಯಾರು ಎಂದು ಹಿರಿಯರು ಗೊತ್ತು ಮಾಡುತ್ತಾರೆ. ನಮ್ಮ ಪೈಲ್ವಾನರು ಪ್ರತಿವರ್ಷ ನಲವತ್ತೆರಡು ಎಂದೇ ಬರೆಸುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಈ ಸಲ ಮೊಳಕಾಲ್ಮುರು ಕುಸ್ತಿಯ ಪಟ್ಟಿ ಬರೆಯಲು ಕೂತಿದ್ದವನು ಹೊಸಬ, ಪಂಚಾಯ್ತಿ ಆಫೀಸಿನವನು. ಅವನಿಗೆ ಕಾಗದ ಕಾಣದಿದ್ದರೆ ಕೈಯೇ ಓಡುವುದಿಲ್ಲ.

"ಆಧಾರ್ ಕಾರ್ಡ್ ಕೊಡ್ರಿ" ಎಂದ.

ಪೈಲ್ವಾನರು ಕೊಟ್ಟರು. ಅವನು ಕಾರ್ಡು ನೋಡಿದ, ಇವರನ್ನು ನೋಡಿದ. "ಐವತ್ನಾಲ್ಕು ಅಂತೈತಲ್ರಿ?"

ಪೈಲ್ವಾನರು ಕಾರ್ಡಿನ ಫೋಟೋದ ಮೇಲೆ ಬೆರಳಿಟ್ಟರು. "ಈ ಮುಖ ನೋಡಪ್ಪ. ಇವನಿಗೆ ಐವತ್ನಾಲ್ಕಲ್ಲ, ಬೇಕಾದ್ರೆ ಎಪ್ಪತ್ತು ಬರ್ಕೋ. ನಾನು ಬೇಡ ಅನ್ನಲ್ಲ. ಕುಸ್ತಿ ಆಡೋನು ನಾನು. ನನಗೆ ನಲವತ್ತೆರಡು ಬರಿ."

ಅವನು ತನ್ನ ಕಾರ್ಡನ್ನೂ ಜೇಬಿನಿಂದ ತೆಗೆದು ಅದರಲ್ಲಿದ್ದ ತನ್ನ ಫೋಟೋ ಒಮ್ಮೆ ನೋಡಿಕೊಂಡ. ಆಮೇಲೆ ನಲವತ್ತೆರಡು ಬರೆದ.

ಸ್ಟೂಲು

ಗರಡಿಮನೆಯ ಎದುರು ಮಂಡಕ್ಕಿ ಮೆಣಸಿನಕಾಯಿ ಹೋಟೆಲಿದೆ. ಅಲ್ಲಿ ಒಂದು ಸಂಜೆ ಬ್ಯಾಂಕಿನ ಕ್ಯಾಷಿಯರು ಮೊಬೈಲು ಹಿಡಿದು ಯಾವುದೋ ದೇಶದ ಬಾಕ್ಸಿಂಗ್ ಚಾಂಪಿಯನ್ನನ ಕಥೆ ತೆಗೆದರು. ಹೆವಿವೇಟಿನವನಂತೆ, ವಯಸ್ಸಾಗುತ್ತಿದೆ ಎನ್ನುವಾಗ ಗೆದ್ದ ಪಟ್ಟದ ಸಮೇತ ಕೈ ಮುಗಿದು ಹೊರಟನಂತೆ. ಇನ್ನೆರಡು ವರ್ಷ ಆಡಿದ್ದರೆ ಏನಾಗುತ್ತಿತ್ತು ಎಂದು ಚರ್ಚೆ ಎದ್ದಿತು. ಕ್ಯಾಷಿಯರು ಹಲ್ಲು ಉದುರುತ್ತಿತ್ತು ಎಂದರು. ಹೋಟೆಲಿನವನು ಇನ್ನೂ ಎರಡು ಪಟ್ಟ ಬರುತ್ತಿತ್ತು ಎಂದ. ಅವನಿಗೆ ಚರ್ಚೆ ಉದ್ದವಾದಷ್ಟೂ ಮೆಣಸಿನಕಾಯಿ ಖರ್ಚಾಗುತ್ತದೆ. ಮಾತು ಯಾರ ಕಡೆ ತಿರುಗುತ್ತಿದೆ ಎಂದು ಗೊತ್ತಾಗಿ ನಾನು ತಟ್ಟೆಯಲ್ಲೇ ಕಣ್ಣಿಟ್ಟು ಕೂತೆ.

ಎದುರಿಗೇ ಕೂತಿದ್ದ ಪೈಲ್ವಾನರು ಆ ಮೊಬೈಲು ಇಸಿದುಕೊಂಡು ಬಾಕ್ಸಿಂಗನ್ನು ಪೂರ್ತಿ ನೋಡಿದರು.

"ಇದೇನ್ರಿ, ಮೂರು ನಿಮಿಷಕ್ಕೊಂದ್ಸಲ ಗಂಟೆ ಹೊಡೀತಾರೆ?"

"ಅದು ರೌಂಡು. ಆಮೇಲೆ ಒಂದು ನಿಮಿಷ ರೆಸ್ಟು" ಎಂದರು ಕ್ಯಾಷಿಯರು.

"ಸ್ಟೂಲ್ ಹಾಕಿ ಕೂರಿಸ್ತಾರೆ, ನೀರು ಕುಡಿಸ್ತಾರೆ, ಟವೆಲಲ್ಲಿ ಗಾಳಿ ಬೀಸ್ತಾರೆ! ಇಷ್ಟೆಲ್ಲ ಸೇವೆ ಇಟ್ಕೊಂಡು ಅವನ್ಯಾಕ್ರಿ ಬಿಟ್ಟ? ನನಗೊಂದು ಸ್ಟೂಲ್ ಕೊಡ್ರಿ, ಎಂಬತ್ತರ ತನಕ ಆಡ್ತೀನಿ."

ಇಷ್ಟು ಹೇಳಿ ಎದ್ದರು. ಏಳುವಾಗ ಟೇಬಲ್ಲು ಹಿಡಿದುಕೊಂಡರು, ಟೇಬಲ್ಲಿನ ಮೇಲಿದ್ದ ನಾಲ್ಕು ಟೀಯೂ ಚೆಲ್ಲಿದವು. ಬಾಗಿಲಲ್ಲಿ ನಿಂತು, "ಕೇಳ್ರಿ ಎಲ್ಲಾರೂ. ನನ್ನ ಬೆನ್ನಿಗೆ ಮಣ್ಣು ಹತ್ತಿಸೋರು ಬರ್ಲಿ. ಅವತ್ತೇ ಬಿಡ್ತೀನಿ. ಅಲ್ಲೀತನಕ ಬಿಡಲ್ಲ" ಎಂದರು.

ಟೀ ಚೆಲ್ಲಿಸಿಕೊಂಡ ಕ್ಯಾಷಿಯರು, "ಸ್ಟೂಲ್ ಕೊಡ್ಬಹುದಿತ್ತು. ಅದರಿಂದ ಎಬ್ಬಿಸೋರು ಯಾರು?" ಎಂದರು.

ಸೋಲಿಸಿಕೊಡಿ

ಮೊಳಕಾಲ್ಮುರು ಕುಸ್ತಿಗೆ ಎರಡು ದಿನ ಇದೆ ಎನ್ನುವಾಗ ಪೈಲ್ವಾನರ ಹೆಂಡತಿ ನಮ್ಮ ಮನೆಗೆ ಬಂದರು. ನಲವತ್ತೈದು ಕೆಜಿ ಇದ್ದಾರೋ ಇಲ್ಲವೋ, ಅಂಥ ಸಣ್ಣ ಜೀವ.

"ಮೇಷ್ಟ್ರೇ, ಸೀಟಿ ನಿಮ್ಮ ಕೈಲೈತಲ್ಲ. ಹೆಂಗಾದ್ರೂ ಮಾಡಿ ಅವರನ್ನ ಸೋಲಿಸಿಬಿಡ್ರಿ."

ನಾನು ಗಾಬರಿಯಾದೆ. "ಅಕ್ಕಾ, ಗೆಲ್ಲಿಸಿಕೊಡ್ರಿ ಅಂತ ಬಂದೋರನ್ನ ನೋಡೀನಿ. ಗಂಡನ್ನ ಸೋಲಿಸಿಕೊಡ್ರಿ ಅಂತ ಬಂದೋರು ನೀವೊಬ್ರೇ."

"ಒಳ್ಳೇದೇ ಆಯ್ತಲ್ಲ. ಯಾರಿಗೂ ಅನುಮಾನ ಬರಲ್ಲ."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. "ಬೆಳಗ್ಗೆ ಮಂಚದಿಂದ ಏಳೋಕೆ ಗೋಡೆ ಹಿಡೀತಾರೆ. ನಾನು ನೋಡಬಾರದು ಅಂತ ನನ್ನ ಒಳಗೆ ನೀರು ತರೋಕೆ ಕಳಿಸ್ತಾರೆ. ದಿನಾ ಬೆಳಗ್ಗೆ ಬಾಯಾರಿಕೆ ಅವರಿಗೆ. ಒಂದು ದಿನ ಯಾವನೋ ಎತ್ತಿ ಒಗೆದ್ರೆ ಆ ಸೊಂಟ ಮುರೀತೈತೆ ಮೇಷ್ಟ್ರೇ" ಎಂದರು. ನನಗೂ ಸಂಕಟವಾಯಿತು. ಆದರೆ ಸುಳ್ಳು ಸೀಟಿ ಊದುವುದು ನನ್ನಿಂದಾಗದು ಎಂದೆ.

ಅವರು ಎದ್ದು ನಿಂತು, "ಆಯ್ತು ಬಿಡ್ರಿ. ನಿಜವಾದ ಸೀಟಿ ಊದೋ ಹೊತ್ತಿಗಾದ್ರೂ ನಿದ್ದೆ ಮಾಡ್ಬೇಡ್ರಿ" ಎಂದು ಹೋದರು.

ದೊಡ್ಡ ಆಶೀರ್ವಾದ

ಮೊಳಕಾಲ್ಮುರಿನಲ್ಲಿ ತೂಕದ ಲೆಕ್ಕದಲ್ಲಿ ಅವರಿಗೆ ಜೋಡಿಯಾಗಿ ಬಂದವನು ಆಂಧ್ರದ ಗಡಿಯ ಊರಿನವನು, ಇಪ್ಪತ್ತೈದರ ಗಟ್ಟಿ ಆಳು, ಬಲು ವಿನಯವಂತ. ಇಬ್ಬರೂ ಕಣದ ಕೆಂಪು ಮಣ್ಣನ್ನು ಎದೆಗೆ, ತೋಳಿಗೆ ಉಜ್ಜಿಕೊಂಡರು. ನಾನು ಶುರುವಿನ ಸೀಟಿ ಊದಿದೆ.

ಅವನು ಕೈ ಹಿಡಿಯುವ ಬದಲು ಸರಕ್ಕನೆ ಬಗ್ಗಿದ. ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಲೆಂದು ಬಗ್ಗಿದ್ದು ಪಾಪ. ನಮ್ಮವರು ಕಾಲಿಗೇ ಪಟ್ಟು ಹಾಕಲು ಬಂದ ಎಂದುಕೊಂಡು, ಅವನನ್ನು ಅದುಮಲು ತಾವೂ ದಡಕ್ಕನೆ ಬಗ್ಗಿದರು. ಸೊಂಟ ಲಟಕ್ಕೆಂದಿತು. ಬಗ್ಗಿದವರು ಬಗ್ಗಿದ ಹಾಗೇ ನಿಂತರು, ಎರಡೂ ಕೈ ಅವನ ತಲೆಯ ಮೇಲೆ.

ಜನಕ್ಕೆ ಏನು ಗೊತ್ತು? "ಆಹಾ, ಹಿರಿಯರು ಅಂದ್ರೆ ಹಿಂಗಿರ್ಬೇಕು!" ಎಂದು ಚಪ್ಪಾಳೆ ತಟ್ಟಿದರು. ಮೈಕಿನವನು ಗುರುಶಿಷ್ಯ ಪರಂಪರೆಯ ಮೇಲೆ ಭಾಷಣವನ್ನೇ ಶುರುಮಾಡಿದ. ಕೆಳಗಿದ್ದವನು ಸ್ವಲ್ಪ ಹೊತ್ತು ಕಾದು, "ಏಮೈಂದಿ ಅನ್ನಾ, ಏನಾಯ್ತು? ಆಶೀರ್ವಾದ ಇನ್ನೂ ಮುಗೀಲಿಲ್ವಾ?" ಎಂದು ಪಿಸುಗುಟ್ಟಿದ.

ಪೈಲ್ವಾನರು ಹಲ್ಲು ಕಚ್ಚಿಕೊಂಡು ಹೇಳಿದರು: "ಅಲ್ಲಾಡಬೇಡ ಕಣಪ್ಪ. ನೀನು ಎದ್ರೆ ನಾನು ಬೀಳ್ತೀನಿ."

ಪಟ್ಟು

ಶಾಮಿಯಾನದವನ ಟೇಬಲ್ಲು ತಂದೆವು. ಅಂಗಾತ ಮಲಗಿಸಲು ಹೋದರೆ, "ಬೆನ್ನು ಮುಟ್ಟಿಸಬ್ಯಾಡ್ರಿ! ಸೋತಂಗಾಗ್ತೈತೆ!" ಎಂದು ಕೂಗಿದರು. ಕೊನೆಗೆ ಬೋರಲು ಮಲಗಿಸಿ, ಟೆಂಪೋಗೆ ಏರಿಸಿ, ಚಳ್ಳಕೆರೆ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ನೆಲ ನೋಡುತ್ತಲೇ ವಾದ ಮಾಡಿದರು.

"ಮೇಷ್ಟ್ರೇ, ಮುಗಿದ ಸೀಟಿ ಊದಿದ್ರಾ?"

"ಇಲ್ರಿ."

"ಹಂಗಾದ್ರೆ ಕುಸ್ತಿ ಇನ್ನೂ ನಡೀತಾ ಐತೆ. ನಾನು ಸೋತಿಲ್ಲ."

ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು. ಅದೇ ನನಗೆ ಸಿಟ್ಟು.

ಆಸ್ಪತ್ರೆಯಲ್ಲೂ ಬೋರಲೇ ಬಿದ್ದುಕೊಂಡರು. ಡಾಕ್ಟರಮ್ಮ ಬಂದು ನೋಡಿ, "ನೆಟ್ಟಗೆ ಅಂಗಾತ ಮಲಗ್ಬೇಕು, ಮೂರು ವಾರ" ಎಂದರು. ಇವರು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದರು. ಇಬ್ಬರು ವಾರ್ಡ್‌ಬಾಯ್‌ಗಳು ಎಳೆದು ಸೋತರು. ಬೆನ್ನಿಗೆ ವಯಸ್ಸಾಗಿತ್ತು, ಹಿಡಿತಕ್ಕೆ ನಿಜವಾಗಿಯೂ ನಲವತ್ತೆರಡೇ.

ಅಷ್ಟರಲ್ಲಿ ಅವರ ಹೆಂಡತಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಒಂದು ಕೈ ಅವರ ಭುಜಕ್ಕೆ, ಇನ್ನೊಂದು ಪಕ್ಕೆಗೆ ಕೊಟ್ಟು, ಹೆಂಚಿನ ಮೇಲೆ ರೊಟ್ಟಿ ಮಗುಚುವ ಹಾಗೆ ಮಗುಚಿದರು. ಪೈಲ್ವಾನರು ಅಂಗಾತ!

"ಇದು ಲೆಕ್ಕಕ್ಕಿಲ್ಲ! ಇದು ಹಾಸಿಗೆ, ಕಣದ ಮಣ್ಣಲ್ಲ!" ಎಂದು ಕೂಗಿದರು.

"ಮಣ್ಣಾ? ಹಾಸಿಗೆ ತುಂಬಾ ಅದೇ ಐತಲ್ರಿ! ಯಾರು ಒಗೀಬೇಕು?" ಎಂದು ನರ್ಸಮ್ಮ ರೇಗಿದರು. ನಾನು ಬಗ್ಗಿ ನೋಡಿದೆ. ಬೋರಲು ಮಲಗಿದ್ದಾಗ ಎದೆಯಿಂದ ಉದುರಿದ ಮೊಳಕಾಲ್ಮುರಿನ ಕೆಂಪು ಮಣ್ಣು ಹಾಸಿಗೆಯ ಮೇಲೆ ಹರಡಿತ್ತು. ಅದರ ಮೇಲೆ, ಎರಡೂ ಭುಜ ಊರಿಕೊಂಡು, ಪೈಲ್ವಾನರ ಬೆನ್ನು.

ಕೊರಳಲ್ಲೇ ಇದ್ದ ಸೀಟಿಯನ್ನು ಬಾಯಿಗಿಟ್ಟು, ಕುಸ್ತಿ ಮುಗಿಯಿತೆಂದು ಊದಿದೆ. ಇಷ್ಟು ವರ್ಷದಲ್ಲಿ ಅಷ್ಟು ನಿಷ್ಠೆಯಿಂದ ನಾನು ಯಾವತ್ತೂ ಊದಿಲ್ಲ. ಸೀಟಿಗೆ ಇಡೀ ವಾರ್ಡೇ ಎದ್ದು ಕೂತಿತು. ನಾನು ಆ ಅಕ್ಕನ ಕೈ ಹಿಡಿದು ಮೇಲೆತ್ತಿದೆ. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು.

ಪೈಲ್ವಾನರು ಫ್ಯಾನು ನೋಡುತ್ತಿದ್ದರು. ಕಣ್ಣಂಚಿನಲ್ಲಿ ನೀರಿತ್ತು, ನೋವಿಗೋ ಬೇರೆ ಯಾತಕ್ಕೋ. ಆಮೇಲೆ ನಗುವಿಗೆ ಹೊಟ್ಟೆ ಕುಲುಕತೊಡಗಿತು. "ಮೇಷ್ಟ್ರೇ, ಅದ್ಯಾವ ಪಟ್ಟು ಹಾಕಿದ್ಲು? ಬಿಡಿಸ್ಕಳ್ಳೋದು ನನಗೆ ಗೊತ್ತಿಲ್ಲಪ್ಪ" ಎಂದರು.

ನಾನು ಇನ್ನೂ ಎತ್ತಿದ ಕೈ ಇಳಿಸಿರಲಿಲ್ಲ. ಗೆದ್ದವರು ನನ್ನತ್ತ ತಿರುಗಿ ಹೇಳಿದರು: "ಕೈ ಬಿಡ್ರಿ ಮೇಷ್ಟ್ರೇ, ಅವರ ತಲೆ ಕೆಳಗೆ ದಿಂಬಿಲ್ಲ."