ಅರ್ಧ ಮಾರ್ಕಿನ ಮೇಷ್ಟ್ರೂ ಮೂರು ತಲೆಮಾರಿನ ಕಾರೂ

"ಕಾರಿಗೂ ಉತ್ತರಪತ್ರಿಕೆಗೂ ಏನೂ ವ್ಯತ್ಯಾಸ ಇಲ್ಲ. ಹೊರಗಿನ ಹೆಸರು ನೋಡ್ಬಾರ್ದು, ಒಳಗೇನಿದೆ ಅಂತ ನೋಡ್ಬೇಕು. ಈ ಮನೆಗೆ ಬರೋ ಕಾರನ್ನ ನಾನು ಆರಿಸ್ತೀನಿ. ಆಮೇಲೆ ಊರಿಗೆ ಊರೇ ನನ್ನ ಕೇಳ್ಕೊಂಡು ಕಾರು ತಗೊಳ್ಳುತ್ತೆ, ನೋಡ್ತಿರು."

ಅಡುಗೆಮನೆಯ ಬಾಗಿಲಲ್ಲಿ ನಿಂತು ಅರ್ಧ ಮಾರ್ಕಿನ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಕೇಕಿಗೆ ಕೆನೆ ಬಳಿಯುತ್ತಿದ್ದರು. ಘೋಷಣೆಗೆ ಅವರ ಕೈ ನಿಲ್ಲಲಿಲ್ಲ.

"ಊರು ನಿಧಾನಕ್ಕೆ ಬರ್ಲಿ ರೀ. ಭಾನುವಾರದ ಕೇಕು ಹೊರಡೋದ್ರೊಳಗೆ ಕಾರು ಬಂದ್ರೆ ಸಾಕು."

ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ಆದರೆ ಅವರ ಕೀರ್ತಿ ಹಬ್ಬಿದ್ದು ಪಾಠದಿಂದಲ್ಲ, ಮೌಲ್ಯಮಾಪನದಿಂದ. ಹೆಸರು ಕಾಣದಂತೆ ಮುಚ್ಚಿ, ಬರೀ ಸಂಕೇತ ಸಂಖ್ಯೆ ಹಾಕಿ ಕಳಿಸುವ ಉತ್ತರಪತ್ರಿಕೆಗಳನ್ನು ಅವರಷ್ಟು ನಿಷ್ಠೆಯಿಂದ ತಿದ್ದಿದವರು ಇನ್ನೊಬ್ಬರಿರಲಿಲ್ಲ. ಎಲ್ಲ ಸರಿಯಿದ್ದರೂ ಕೊನೆಯ ಗೆರೆ ಸೊಟ್ಟಗಿದೆಯೆಂದು ಅರ್ಧ ಮಾರ್ಕು ಕತ್ತರಿಸುತ್ತಿದ್ದರು. ಆ ಕತ್ತರಿಯಿಂದಲೇ ಅಡ್ಡಹೆಸರು ಹುಟ್ಟಿತು. ಬೇರೆಯವರಾಗಿದ್ದರೆ ನೊಂದುಕೊಳ್ಳುತ್ತಿದ್ದರು. ಮೇಷ್ಟ್ರು ಅದನ್ನು ಬಿರುದಿನಂತೆ ಹೊತ್ತು ತಿರುಗಿದರು. "ನಮ್ಮಪ್ಪನ ಪೇಪರ್ ಬಂದ್ರೂ ನನಗೆ ಗೊತ್ತಾಗಲ್ಲ. ಗೊತ್ತಾದ್ರೆ ಅದಕ್ಕೂ ಅರ್ಧ ಮಾರ್ಕು ಕಟ್" ಎನ್ನುವುದು ಅವರು ಎದೆಯುಬ್ಬಿಸಿ ಹೇಳುವ ಮಾತು.

ಹೆಂಡತಿಯ ಹೆಮ್ಮೆ ಕೇಕು. ಅದು ಸಾಮಾನ್ಯ ಕೇಕಲ್ಲ, ಒಂದರ ತಲೆ ಮೇಲೊಂದು ಅಂತಸ್ತು ಕಟ್ಟಿಕೊಂಡು ನಿಲ್ಲುವ ಕೇಕು. ನೋಡಿದವರು ಚಾಕು ಹಾಕಲು ಹಿಂಜರಿಯಬೇಕು, ಹಾಗಿರುತ್ತಿತ್ತು. ತೊಂದರೆಯೆಲ್ಲ ಅದನ್ನು ಮನೆಯಿಂದ ಸಮಾರಂಭದ ಹಾಲ್‌ಗೆ ಸಾಗಿಸುವುದರಲ್ಲಿ. ಹೋದ ಸಲ ಬಾಡಿಗೆ ವ್ಯಾನಿನಲ್ಲಿ ಹೋದ ಕೇಕು, ಊಟ ಮುಗಿಸಿ ಗೋಡೆಗೊರಗಿದ ಅಜ್ಜನ ಹಾಗೆ ವಾಲಿಕೊಂಡು ಹಾಲ್ ತಲುಪಿತ್ತು. ಹಾಲ್‌ನ ಮ್ಯಾನೇಜರ್ ಅದನ್ನು ಸುತ್ತಿ ನೋಡಿ, "ಇನ್ನೊಂದ್ಸಲ ಹೀಗಾದ್ರೆ ಬೇರೆಯವರಿಗೆ ಹೇಳ್ತೀವಿ ಮೇಡಂ" ಎಂದಿದ್ದ. ಬರುವ ಭಾನುವಾರ ಅದೇ ಹಾಲ್‌ನಲ್ಲಿ ಯಾರದೋ ಮದುವೆಯ ಬೆಳ್ಳಿಹಬ್ಬ. ಕೇಕು ನೆಟ್ಟಗೆ ನಿಂತರೆ ಆಕೆಯ ಕಸುಬೂ ನೆಟ್ಟಗೆ ನಿಂತಿತು, ವಾಲಿದರೆ ಅದೂ ವಾಲಿತು.

ಕಾರಿನ ಜಾತಿಯ ಬಗ್ಗೆ ಮನೆಯಲ್ಲಿ ಜಗಳವಿರಲಿಲ್ಲ. ಮಾಮೂಲಿ ಕಾರಿಗಿಂತ ಎತ್ತರ, ಜೀಪಿಗಿಂತ ಗಿಡ್ಡ, ಹಿಂದೆ ದೊಡ್ಡ ಡಿಕ್ಕಿ ಇರುವ ಸಣ್ಣ ಎಸ್‌ಯುವಿ ಬೇಕೆಂದು ಎಲ್ಲರೂ ಒಪ್ಪಿದ್ದರು. ಒಂದೇ ಕಂಪನಿಯ ಒಂದೇ ಮಾಡೆಲ್, ಮೂರು ತಲೆಮಾರು: ಷೋರೂಮಿನಲ್ಲಿ ಮೊಮ್ಮಗ, ಹಳೇ ಗಾಡಿ ಮಾರುವವನ ಹತ್ತಿರ ಅಪ್ಪ, ಮತ್ತೆ ಮೇಷ್ಟ್ರ ಭಾಮೈದನ ಹತ್ತಿರ ಅಜ್ಜ. ಜಗಳವಿದ್ದದ್ದು ಈ ಅಜ್ಜನ ಮೇಲೆ.

ಭಾಮೈದ ಟೈಲ್ಸ್ ಕಂಟ್ರಾಕ್ಟರ್. ದೊಡ್ಡ ಗಾಡಿ ಕೊಂಡಿದ್ದ. ಹಳೆಯದನ್ನು ಅಕ್ಕನಿಗೇ ಕೊಡುತ್ತೇನೆಂದು ಬಂದಿದ್ದ.

"ಆ ತಗಡಿನ ಡಬ್ಬಾನಾ?" ಎಂದರು ಮೇಷ್ಟ್ರು. "ಟೈಲ್ಸ್ ಹೊತ್ತೂ ಹೊತ್ತೂ ಅದರ ಬೆನ್ನುಮೂಳೆ ಮುರಿದಿದೆ."

"ಭಾವ, ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಅದರಲ್ಲಿ ಕೂತಿದ್ದೀರಾ?"

"ವಿಷ ಅಂತ ಗೊತ್ತಾಗೋಕೆ ಕುಡಿದು ನೋಡ್ಬೇಕೇನಪ್ಪಾ?"

"ಕುಡೀದೇ ಮಾರ್ಕ್ಸ್ ಕೊಡ್ತಿದ್ದೀರಲ್ಲ, ಅದಕ್ಕೆ ಕೇಳ್ದೆ."

ಈ ಮಾತು ಮೇಷ್ಟ್ರಿಗೆ ನಾಟಿತು. ಓದದೆ ಅಂಕ ಕೊಟ್ಟರೆಂದು ಅವರನ್ನು ಆವರೆಗೆ ಯಾರೂ ಅಂದಿರಲಿಲ್ಲ. "ಸರಿ. ಮೂರನ್ನೂ ನೋಡ್ತೀನಿ. ನಿಂದನ್ನೂ ಸೇರಿಸಿ. ಫೇಲಾದ್ರೆ ಅಳಬಾರ್ದು," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಷೋರೂಮಿನ ಹುಡುಗಿ ಹೊಸ ಕಾರಿನ ಬಾಗಿಲು ತೆಗೆದಳು. ಟೀವಿಯಷ್ಟು ದೊಡ್ಡ ಪರದೆ, ಚಾವಣಿಯಲ್ಲಿ ಗಾಜಿನ ಕಿಟಕಿ, ಕಾಲ ಬುಡದಲ್ಲಿ ಬಣ್ಣದ ದೀಪ.

"ಈ ಕಾರು ನಾವು ಹೇಳಿದ್ದನ್ನ ಕೇಳುತ್ತೆ ಸರ್. ಎಸಿ ಹಾಕು ಅಂದ್ರೆ ಹಾಕುತ್ತೆ."

"ಹೇಳಿದ್ದು ಕೇಳೋದು ನಮ್ಮನೇಲಿ ಒಂದೂ ಇಲ್ಲ ಕಣಮ್ಮ," ಎಂದರು ಹೆಂಡತಿ. "ಮೇಲ್ಗಡೆ ಆಕಾಶ ಕಾಣ್ಸುತ್ತೆ, ಸಂತೋಷ. ಹಿಂದ್ಗಡೆ ಕೇಕು ಹಿಡಿಯುತ್ತಾ?"

ಕೇಕಿನ ಖಾಲಿ ಪೆಟ್ಟಿಗೆಯನ್ನು ಅವರು ಜೊತೆಗೇ ತಂದಿದ್ದರು. ಡಿಕ್ಕಿ ಉದ್ದ ಅಗಲ ಎಲ್ಲ ಚೆನ್ನಾಗಿತ್ತು. ಆದರೆ ಅಂದಕ್ಕೆಂದು ಹಿಂದಿನ ಬಾಗಿಲನ್ನು ಇಳಿಜಾರು ಮಾಡಿದ್ದರು. ಪೆಟ್ಟಿಗೆ ಇಟ್ಟು ಬಾಗಿಲು ಇಳಿಸಿದರೆ ಅದು ಪೆಟ್ಟಿಗೆಯ ನೆತ್ತಿಗೆ ಮುಟ್ಟುತ್ತಿತ್ತು.

"ಮೇಲಿನ ಅಂತಸ್ತು ತೆಗೆದು ಮಡಿಲಲ್ಲಿ ಇಟ್ಕೋಬಹುದಲ್ವಾ ಮೇಡಂ?"

"ನೀನು ನಿನ್ನ ಗಾಜಿನ ಕಿಟಕಿ ತೆಗೆದು ಮಡಿಲಲ್ಲಿ ಇಟ್ಕೋತೀಯಾ?"

ಇಷ್ಟೆಲ್ಲ ನಡೆಯುವಾಗ ಮೇಷ್ಟ್ರು ಮುಂದಿನ ಸೀಟಿನಲ್ಲಿ ಬಣ್ಣದ ದೀಪ ನೋಡುತ್ತ ಮೈಮರೆತಿದ್ದರು. ಎಚ್ಚರವಾದಾಗ ತಮಗೇ ಭಯವಾಯಿತು. ಅಯ್ಯೋ, ಇದು ಬರೀ ಅಕ್ಷರ ದುಂಡಗಿದೆ ಅಂತ ಮಾರ್ಕು ಕೊಟ್ಟ ಹಾಗಾಯಿತಲ್ಲ ಎಂದು ದಡಬಡಿಸಿ ಇಳಿದರು.

ಹಳೇ ಗಾಡಿಯವನ ಹತ್ತಿರ ಎರಡನೆಯ ತಲೆಮಾರಿನ ಕಾರು ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು.

"ಒಬ್ಬರೇ ಓಡಿಸಿದ್ದು ಸರ್. ಲೇಡಿ ಡಾಕ್ಟರು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ."

ಮೇಷ್ಟ್ರು ಕ್ಲಚ್ ಒತ್ತಿ ನೋಡಿದರು. ಅದು ಕೆಸರಿನಲ್ಲಿ ಕಾಲಿಟ್ಟಂತೆ ಕೊನೆಯವರೆಗೂ ಹೋಯಿತು. "ಡಾಕ್ಟರು ಕ್ಲಚ್ಚಿಗೆ ಮಾತ್ರ ಚಿಕಿತ್ಸೆ ಕೊಡ್ಲಿಲ್ವೇನಪ್ಪಾ?" ಎಂದರು. ಆದರೂ ಸೀಟು ಮೆತ್ತಗಿತ್ತು, ಡಿಕ್ಕಿ ಅಗಲವಿತ್ತು. ಮನಸ್ಸು ಮತ್ತೆ ಜಾರಿತು. ಮನೆಗೆ ಬರುವಷ್ಟರಲ್ಲಿ ಅವರೊಂದು ತೀರ್ಮಾನಕ್ಕೆ ಬಂದಿದ್ದರು.

"ಕಣ್ಣೇ ಮೋಸ ಮಾಡ್ತಿರೋದು. ಶನಿವಾರ ಕಣ್ಣಿಗೆ ಬಟ್ಟೆ ಕಟ್ಕೊಂಡು ಮೂರರಲ್ಲೂ ಕೂತ್ಕೋತೀನಿ. ಯಾವುದು ಯಾವುದು ಅಂತ ನನಗೆ ಗೊತ್ತಾಗಬಾರ್ದು. ಆಗ ನೋಡಿ ನಿಜವಾದ ಮೌಲ್ಯಮಾಪನ."

ಹೆಂಡತಿ ಹಣೆ ಒತ್ತಿಕೊಂಡರು. ಮಗಳು ಮಾತ್ರ ಒಪ್ಪಿದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೆಸರಿಲ್ಲದ ಬಾಟಲಿಗಳ ಜೊತೆ ದಿನ ಕಳೆಯುವವಳಿಗೆ ಅಪ್ಪನ ಮಾತು ವಿಚಿತ್ರವೆನಿಸಲಿಲ್ಲ. ಕಾರು ಓಡಿಸುವ ಕೆಲಸವೂ ಅವಳಿಗೇ ಬಂತು.

ಶನಿವಾರ ಮಧ್ಯಾಹ್ನ ಎಲ್ಲರೂ ಊರಾಚೆಯ ಆಟದ ಮೈದಾನದ ಪಕ್ಕದ ಖಾಲಿ ರಸ್ತೆಯಲ್ಲಿ ಸೇರಿದರು. ಆ ರಸ್ತೆಯಲ್ಲಿ ಗುಂಡಿಗೂ ಬರವಿರಲಿಲ್ಲ, ಉಬ್ಬಿಗೂ ಬರವಿರಲಿಲ್ಲ. ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು, ಕಣ್ಣಿಗೆ ದಪ್ಪ ಟವೆಲ್ ಬಿಗಿಸಿಕೊಂಡು ನಿಯಮ ಓದಿ ಹೇಳುವ ದನಿಯಲ್ಲಿ ಹೇಳಿದರು:

"ಕಾರುಗಳು ಒಂದೊಂದಾಗಿ ಬರ್ಬೇಕು. ಫಲಿತಾಂಶ ಹೇಳೋವರೆಗೂ ಯಾರೂ ಬಾಯಿ ಬಿಡಬಾರ್ದು. ಒಂದು ಮಾತು ಕೇಳಿಸಿದ್ರೂ ಪರೀಕ್ಷೆ ರದ್ದು."

ಆಮೇಲೆ ಯಾರೋ ಬಂದ ಸದ್ದು, ಏನೋ ಗುಸುಗುಸು, ಯಾರದೋ ಫೋನು. ಮಗಳು ಹತ್ತಿರ ಬಂದು, "ಅಪ್ಪಾ, ಒಂದು ವಿಷಯ..." ಎಂದಳು.

"ಶ್!"

"ಅಲ್ಲಪ್ಪಾ, ಆ ಷೋ..."

"ರದ್ದು ಮಾಡ್ಲಾ?"

ಮಗಳು ಅಪ್ಪನ ಕೈ ಹಿಡಿದು ಕಾರಿಗೆ ಹತ್ತಿಸಿದಳು.

ಮೊದಲ ಕಾರು. ಮೇಷ್ಟ್ರು ಮೂಗರಳಿಸಿದರು. ಗಮಗಮ ವಾಸನೆ. ಸೀಟಿನ ಮೇಲೆ ಕೈಯಾಡಿಸಿದರು, ನುಣ್ಣಗಿತ್ತು. ಅಜ್ಜನ ಮೈಯಲ್ಲಿ ಇಂಥ ಸುವಾಸನೆ ಎಲ್ಲಿಂದ ಬರಬೇಕು? ಇದು ಮೊಮ್ಮಗನೇ ಸೈ. ಗುಂಡಿಗಳ ಮೇಲೆ ಹೋದಾಗ ತೊಟ್ಟಿಲು ತೂಗಿದ ಹಾಗಾಯಿತು. ಇಳಿದವರೇ ಗಂಭೀರವಾಗಿ ಉಸುರಿದರು: "ಇಂಜಿನ್ನಿನಲ್ಲಿ ಸಂಗೀತ ಇದೆ. ತೊಂಬತ್ತೆರಡೂವರೆ."

ಮತ್ತೆ ಬೆಂಚು, ಮತ್ತೆ ಗೋಡೆ. ಕಾರು ಹೋದ ಸದ್ದು, ಕಾರು ಬಂದ ಸದ್ದು.

ಎರಡನೆಯ ಕಾರು. ಇದರಲ್ಲೂ ವಾಸನೆ ಇತ್ತು, ಆದರೆ ಅದು ತಪ್ಪು ಮುಚ್ಚಲು ಹಾಕಿದ ವಾಸನೆ ಎಂದು ಮೇಷ್ಟ್ರಿಗೆ ತಕ್ಷಣ ಹೊಳೆಯಿತು. ಡಾಕ್ಟರ ಗಾಡಿಯೇ ಇರಬೇಕು. ಮಗಳು ಗೇರು ಬದಲಿಸಿದಾಗಲೆಲ್ಲ ಕಿವಿ ನಿಮಿರಿಸಿದರು. "ಕ್ಲಚ್ ಮುದಿಯಾಗಿದೆ. ನಡತೆ ಪರವಾಗಿಲ್ಲ. ಅರವತ್ತೊಂದು."

ಮೂರನೆಯ ಸಲ ಹತ್ತುವಾಗ ಬಿಸಿಲೇರಿತ್ತು, ಹೊಟ್ಟೆ ಹಸಿದಿತ್ತು, ಟವೆಲ್ಲಿನೊಳಗೆ ಬೆವರು ಇಳಿಯುತ್ತಿತ್ತು. ಜೊತೆಗೆ ಗಣಿತವೂ ಸಹಾಯಕ್ಕೆ ಬಂತು. ಮೂರರಲ್ಲಿ ಎರಡು ಹೋದರೆ ಉಳಿಯುವುದು ಯಾವುದು? ತಗಡಿನ ಡಬ್ಬ. ಮೇಷ್ಟ್ರ ಮೈಯ ಒಂದೊಂದು ಕೀಲೂ ದೂರು ಹೇಳತೊಡಗಿತು. ಸೀಟು ಚುಚ್ಚಿತು. ಬಾಗಿಲು ಗೊಣಗಿತು. ಎಸಿ ಉಗುರುಬೆಚ್ಚಗೆ ಉಸಿರುಬಿಟ್ಟಿತು. "ಆ ಉಬ್ಬಿನ ಮೇಲೆ ಇನ್ನೊಂದ್ಸಲ ಹೋಗು. ಹೂಂ, ಇನ್ನೊಂದ್ಸಲ. ಕೇಳಿಸ್ತಾ? ಮೂಳೆ ಮುರಿದ ಸದ್ದು!" ಎಂದರು. ಮಗಳು ಕೆಮ್ಮಿದಳು.

ಇಳಿದು ಟವೆಲ್ ಬಿಚ್ಚದೆಯೇ ತೀರ್ಪು ಕೊಟ್ಟರು. "ಇಪ್ಪತ್ತೆಂಟು. ಅದೂ ದಯೆಯಿಂದ. ಭಾಮೈದನ ಗಾಡಿ ಅಂತ ಅಲ್ಲ. ಯಾರದ್ದು ಅಂತ ನನಗೆ ಗೊತ್ತೇ ಇಲ್ಲವಲ್ಲ. ನ್ಯಾಯ ಅಂದ್ರೆ ಇದು."

ತಮ್ಮ ನಿಯಮವನ್ನು ಕೊನೆಯವರೆಗೂ ಪಾಲಿಸಿದ ಸಂಸಾರದ ಬಗ್ಗೆ ಮೇಷ್ಟ್ರಿಗೆ ಅಭಿಮಾನ ಉಕ್ಕಿತು. ಟವೆಲ್ ಬಿಚ್ಚಿ, ಕಣ್ಣುಜ್ಜಿ, ಜಯಶಾಲಿಯಂತೆ ತಿರುಗಿದರು.

ರಸ್ತೆಯಲ್ಲಿ ಒಂದೇ ಕಾರು ನಿಂತಿತ್ತು. ಭಾಮೈದನದು.

"ಉಳಿದೆರಡು ಎಲ್ಲಿ?"

"ಅದನ್ನೇ ಹೇಳೋಕೆ ಬಂದೆ ಅಪ್ಪಾ, ಶ್ ಅಂದ್ರಿ," ಎಂದಳು ಮಗಳು. "ಷೋರೂಮಿನವಳು ಕಾರು ತಂದಿದ್ಳು. ನೀವು ಕಣ್ಣು ಕಟ್ಕೊಂಡು ಗೋಡೆ ನೋಡ್ತಾ ಕೂತಿದ್ದು ಕಂಡು ಹೆದರ್ಕೊಂಡು ವಾಪಸ್ ಹೋದ್ಳು. ಹಳೇ ಗಾಡಿಯವನು ಫೋನ್ ಮಾಡಿ, ಬೆಳಿಗ್ಗೆನೇ ಮಾರಾಟ ಆಯ್ತು ಅಂದ."

"ಹಾಗಾದ್ರೆ ನಾನು ಕೂತಿದ್ದು?"

"ಮೂರು ಸಲವೂ ಮಾವನ ಗಾಡೀಲೇ. ನಮ್ಮ ಲ್ಯಾಬಿನಲ್ಲೂ ಹಾಗೇ ಅಪ್ಪಾ. ಒಂದೇ ಸ್ಯಾಂಪಲ್ಲನ್ನ ಮೂರು ಸಲ ಹಾಕಿ ನೋಡ್ತೀವಿ."

"ಯಾಕೆ?"

"ಮಿಷನ್ ಸರಿಯಾಗಿದೆಯಾ ಅಂತ."

ಮೇಷ್ಟ್ರು ಇಂಗು ತಿಂದ ಮಂಗನಂತಾದರು. ತೊಂಬತ್ತೆರಡೂವರೆ, ಅರವತ್ತೊಂದು, ಇಪ್ಪತ್ತೆಂಟು. ಒಂದೇ ಪೇಪರ್, ಒಬ್ಬರೇ ಮೇಷ್ಟ್ರು, ಒಂದೇ ಮಧ್ಯಾಹ್ನ. ಆ ಅರ್ಧ ಮಾರ್ಕೊಂದು ಎಲ್ಲಕ್ಕಿಂತ ಹೆಚ್ಚು ಅವಮಾನ ಮಾಡುವಂತೆ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಅಷ್ಟರಲ್ಲಿ ಹೆಂಡತಿ ಕಾರಿನ ಡಿಕ್ಕಿ ತೆಗೆದಿದ್ದರು. ಒಳಗೆ, ಒದ್ದೆ ಬಟ್ಟೆ ಹಾಸಿದ ಸಪಾಟು ನೆಲದ ಮೇಲೆ, ಮೂರಂತಸ್ತಿನ ಕೇಕೊಂದು ಸೆಟೆದು ನಿಂತಿತ್ತು. ನೋಡೋಣವೆಂದು ಬೆಳಿಗ್ಗೆ ಮಾಡಿ ತಂದು, ಮೊದಲ ಸುತ್ತಿಗೇ ಸದ್ದಿಲ್ಲದೆ ಇಟ್ಟಿದ್ದರಂತೆ. ಗಂಡ ಹುಡುಕಿ ಹುಡುಕಿ ಹತ್ತಿಸಿದ ಉಬ್ಬುಗಳನ್ನೆಲ್ಲ ಹಾರಿ ಬಂದಿದ್ದರೂ ಮೇಲಿನ ಅಂತಸ್ತಿನ ಒಂದು ಸಕ್ಕರೆ ಹೂವೂ ಕದಲಿರಲಿಲ್ಲ. ಆಕೆ ಅದನ್ನು ಬಹುಮಾನ ಗೆದ್ದ ಮಗುವನ್ನು ನೋಡುವಂತೆ ನೋಡಿದರು. ಆಮೇಲೆ ಕಾರನ್ನೂ ಹಾಗೆಯೇ ನೋಡಿ, ತಮ್ಮನ ಕಡೆ ಕೈ ಚಾಚಿದರು.

"ಕೀ ಕೊಡೋ. ನಾಳೆ ಹಾಲ್‌ಗೆ ಇದರಲ್ಲೇ ಹೋಗ್ತೀನಿ. ನಾಡಿದ್ದೂ ಇದರಲ್ಲೇ."

ಭಾಮೈದ ಕೀಲಿ ಕೊಟ್ಟ. ಕೊಟ್ಟವನು ಸುಮ್ಮನಿರಬೇಕಲ್ಲ.

"ಭಾವ, ಒಂದು ಡೌಟು. ಒಂದೇ ಪೇಪರಿಗೆ ಒಬ್ಬರೇ ಮೇಷ್ಟ್ರು ಮೂರು ಥರ ಮಾರ್ಕ್ಸ್ ಕೊಟ್ರೆ, ನಿಮ್ಮ ಕಡೆ ಏನ್ಮಾಡ್ತಾರೆ?"

ಮೇಷ್ಟ್ರು ಟವೆಲ್ಲನ್ನು ನಾಲ್ಕು ಮಡಿಕೆ ಮಡಿಸಿದರು, ಮತ್ತೆ ಬಿಡಿಸಿದರು. ಸುಳ್ಳು ಹೇಳಬಹುದಿತ್ತು. ಆದರೆ ಮೌಲ್ಯಮಾಪನದ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ.

"ಪೇಪರಿಗೆ ಏನೂ ಮಾಡಲ್ಲ," ಎಂದರು ಮೆಲ್ಲಗೆ. "ಆ ಮೇಷ್ಟ್ರನ್ನ ಮನೆಗೆ ಕಳಿಸ್ತಾರೆ."

ಹೆಂಡತಿ ಆಗಲೇ ಸ್ಟೇರಿಂಗಿನ ಮುಂದೆ ಕೂತಾಗಿತ್ತು. ಬಗ್ಗಿ ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದರು.

"ಹಾಗಿದ್ರೆ ಹತ್ತಿ. ನಾನೂ ಆ ಕಡೆಗೇ ಹೊರಟಿದ್ದೀನಿ."