ಹೆಂಡತಿಯ ದುರ್ಬಲ ವಾದ

“ಈ ಸಲ ಬಡ್ತಿ ಪರೀಕ್ಷೆ ಪಾಸು ಮಾಡದಿದ್ದರೆ ಮೀಸೆ ಬೋಳಿಸಿಕೊಳ್ತೀನಿ!” ಎಂದು ಮನೆಯಲ್ಲಿ ಘೋಷಿಸಿಬಿಟ್ಟೆ. ಎರಡು ಸಲ ನನ್ನನ್ನು ಮಣ್ಣು ಮುಕ್ಕಿಸಿದ್ದು ಒಂದೇ ಭಾಗ. ಒಂದು ಪ್ರಶ್ನೆ ಕೊಟ್ಟು ಅದರ ಪರ, ವಿರೋಧ ವಾದ ಹೂಡುತ್ತಾರೆ. ಯಾವುದು ಪ್ರಬಲ, ಯಾವುದು ದುರ್ಬಲ ಎಂದು ನಾವು ಗುರುತಿಸಬೇಕು. ಗೈಡಿನ ನಿಯಮಗಳನ್ನೆಲ್ಲ ಉರು ಹೊಡೆದೆ. ಉತ್ಪ್ರೇಕ್ಷೆ ಇದ್ದರೆ ದುರ್ಬಲ. ‘ಅವರು ಮಾಡಿದರು, ನಾವೂ ಮಾಡೋಣ’ ಎಂದರೂ ದುರ್ಬಲ. ಇನ್ನು ಅಭ್ಯಾಸಕ್ಕೆ? ಮದುವೆಯಾದವನಿಗೆ ವಾದಗಳ ಬರವೇ!

ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ಕಂಕುಳಲ್ಲಿ ಗೈಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು ರಣರಂಗಕ್ಕಿಳಿದೆ.

“ಪ್ಲಂಬರ್‌ನ ಕರೀರಿ. ನೀವು ಬಿಚ್ಚಿದ್ರೆ ಮನೆಯೆಲ್ಲ ಮುಳುಗಿಹೋಗುತ್ತೆ,” ಎಂದಳು ಹೆಂಡತಿ.

“ಉತ್ಪ್ರೇಕ್ಷೆ! ದುರ್ಬಲ ವಾದ!”

“ಹೋಗ್ಲಿ, ಮೇಲೆ ಟ್ಯಾಂಕಿನ ವಾಲ್ವ್ ಆದ್ರೂ ಬಂದ್ ಮಾಡಿ. ನಮ್ಮಣ್ಣ ಯಾವಾಗ್ಲೂ ಹಾಗೇ ಮಾಡೋದು.”

“ನಿಮ್ಮಣ್ಣ ಮಾಡ್ತಾನೆ ಅಂತ ನಾನೂ ಮಾಡಬೇಕಾ? ಅತಿ ದುರ್ಬಲ! ಪುಟ ನಲವತ್ತೆರಡು ನೋಡು!”

ಅವಳು ನೆಲದ ಮೇಲಿದ್ದ ದಿನಸಿ ಚೀಲಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

ಎರಡೇ ತಿರುವು. ನಲ್ಲಿ ಕೈಗೆ ಬಂತು, ನೀರು ಮುಖಕ್ಕೆ ಬಂತು! ಹೆಬ್ಬೆರಳು ಇಟ್ಟರೆ ಸೂರಿಗೆ ಹಾರಿತು, ಅಂಗೈ ಇಟ್ಟರೆ ಒಲೆಗೆ ನುಗ್ಗಿತು. ದಿಕ್ಕು ತೋಚದೆ ಗೈಡನ್ನೇ ಒತ್ತಿ ಹಿಡಿದೆ. ಹೆಂಡತಿ ಮಹಡಿಗೆ ಓಡಿ ವಾಲ್ವ್ ತಿರುಗಿಸುವಷ್ಟರಲ್ಲಿ ನನ್ನ ಚಪ್ಪಲಿಗಳು ತೇಲುತ್ತಾ ಹೊಸ್ತಿಲ ಕಡೆ ಪ್ರಯಾಣ ಬೆಳೆಸಿದ್ದವು. ಪುಟ ನಲವತ್ತೆರಡು ಮುದ್ದೆಯಾಗಿತ್ತು.

ಮುಂದಿನ ಭಾನುವಾರ ಪರೀಕ್ಷೆ. ಪ್ರಶ್ನೆಪತ್ರಿಕೆ ನೋಡಿ ಕುರ್ಚಿಯಿಂದ ಬೀಳುವುದೊಂದು ಬಾಕಿ! ‘ಮನೆಯ ನಲ್ಲಿಗಳನ್ನು ಮನೆಯವರೇ ರಿಪೇರಿ ಮಾಡಬೇಕೇ? ವಾದ: ಬೇಡ, ಮನೆಯೆಲ್ಲ ಮುಳುಗಿಹೋಗುತ್ತದೆ.’ ಈ ವಿಷಯದಲ್ಲಿ ನನಗಿಂತ ಅನುಭವಸ್ಥ ಇನ್ನೊಬ್ಬನಿದ್ದಾನೆಯೇ? ಎದೆಯುಬ್ಬಿಸಿ ‘ಪ್ರಬಲ’ ಎಂದು ಗುರುತು ಹಾಕಿ ಬಂದೆ.

ಒಂದೇ ಒಂದು ಅಂಕದಲ್ಲಿ ಫೇಲಾದೆ. ಸರಿಯುತ್ತರಗಳ ಪಟ್ಟಿ ತೆಗೆದು ನೋಡಿದರೆ, ಆ ನಲ್ಲಿಯ ಪ್ರಶ್ನೆಯ ಮುಂದೆ ಬರೆದಿತ್ತು: ‘ಉತ್ಪ್ರೇಕ್ಷೆ. ದುರ್ಬಲ.’ ನಿಜ ಹೇಳುತ್ತೇನೆ, ಈ ಸಲ ನೀರು ಬಂದದ್ದು ನನ್ನ ಕಣ್ಣಲ್ಲಿ.

“ನೋಡೇ, ನಿನ್ನ ಮಾತು ನಂಬಿ ಕೆಟ್ಟೆ!” ಎಂದು ಕೂಗಿದೆ.

ಹೆಂಡತಿ ಶೇವಿಂಗ್ ಸೆಟ್ ತಂದು ನನ್ನ ಮುಂದಿಟ್ಟಳು.

“ನನ್ನ ಮಾತು ನಂಬಬೇಕಾಗಿದ್ದು ಅಡುಗೆಮನೇಲಿ ರೀ, ಪರೀಕ್ಷೇಲಿ ಅಲ್ಲ!”